ಒಂದು ಗೇಣು ಜಾಗ

ಭತ್ತ ನೆನೆಸುವ ತೊಟ್ಟಿಗೆ ಯಾವತ್ತೂ ಅಂಚಿನವರೆಗೆ ಭತ್ತ ಸುರಿಯಬಾರದು. ಮೇಲೆ ಒಂದು ಗೇಣು ಜಾಗ ಬಿಡಬೇಕು. ನೀರು ಕುಡಿದ ಭತ್ತ ಉಬ್ಬುತ್ತದೆ. ಜಾಗ ಸಿಗದಿದ್ದರೆ ತೊಟ್ಟಿಯ ಸಿಮೆಂಟನ್ನೇ ಸೀಳುತ್ತದೆ. ನಮ್ಮ ಮಿಲ್ಲಿನಲ್ಲಿ ಇದು ತೊದಲು ಮಾತಾಡುವ ಮಗುವಿಗೂ ಗೊತ್ತು. ನಾನು ಮದುವೆಯಾಗಿ ಬಂದ ವಾರವೇ ಅತ್ತೆ ನನ್ನ ಕೈ ಹಿಡಿದು ತೊಟ್ಟಿಯ ಒಳಗೋಡೆಯ ಮೇಲೆ ಗೇಣು ಹಾಕಿಸಿ ತೋರಿಸಿದ್ದರು. ನನ್ನ ಗೇಣು ಚಿಕ್ಕದಾಯಿತು ಎಂದು ಅದಕ್ಕೂ ಒಂದು ಕೊಂಕು ತೆಗೆದಿದ್ದರು. ಅಷ್ಟೆಲ್ಲ ಗೊತ್ತಿದ್ದ ನಾವು ಹೊಳೆ ಉಕ್ಕಿದ ದಿನ ಮಾಡಿದ್ದನ್ನು ನೆನೆದರೆ ಇವತ್ತಿಗೂ ನನಗೆ ನಗು ಬರುತ್ತದೆ, ಅದರ ಹಿಂದೆಯೇ ಮೈ ನಡುಗುತ್ತದೆ.

ಆಗ ಕೊಯ್ಲು ಅರ್ಧ ಮುಗಿದಿತ್ತು. ಉಳಿದ ಗದ್ದೆಗಳಲ್ಲಿ ತೆನೆ ಬಾಗಿ ನಿಂತಿತ್ತು. ಮೇಲಿನ ಅಣೆಕಟ್ಟಿನ ಗೇಟು ತೆಗೆಯುತ್ತಾರೆ ಎಂದು ಮೈಕಿನಲ್ಲಿ ಸಾರಿಕೊಂಡು ಹೋದ ಜೀಪು ವಾಪಸ್ಸು ಹೋಗುವಷ್ಟರಲ್ಲಿ ಗದ್ದೆಗಳೆಲ್ಲ ಕೆರೆಯಾಗಿದ್ದವು. ನನ್ನ ಗಂಡ ಹಿಂದಿನ ದಿನವೇ ಲಾರಿಗೆ ಅಕ್ಕಿ ಹೇರಿಕೊಂಡು ಪೇಟೆಗೆ ಹೋಗಿ ಸೇತುವೆಯ ಆಚೆ ಸಿಕ್ಕಿಬಿದ್ದಿದ್ದರು. ಆಳುಗಳು ತಮ್ಮ ತಮ್ಮ ಮನೆ ನೋಡಿಕೊಳ್ಳಲು ಓಡಿದ್ದರು. ಮಿಲ್ಲಿನಲ್ಲಿ ಉಳಿದವರು ಮೂವರು: ಅತ್ತೆ, ನಾನು, ಹಬೆ ಮಾವ.

ಹಬೆ ಮಾವ ಎಂದರೆ ನನ್ನ ಗಂಡನ ಸೋದರಮಾವ, ಅತ್ತೆಯ ಒಬ್ಬನೇ ತಮ್ಮ. ಭತ್ತ ಬೇಯಿಸುವ ಹಬೆಯ ಬಾಯ್ಲರ್ ನೋಡಿಕೊಳ್ಳುತ್ತಾ ನೋಡಿಕೊಳ್ಳುತ್ತಾ ಅವರೇ ಒಂದು ಬಾಯ್ಲರ್ ಆಗಿಬಿಟ್ಟಿದ್ದರು. ಅವರು ಬಾಗಿಲಲ್ಲಿ ನಿಂತರೆ ಒಳಗಿದ್ದವರು ಹಗಲಲ್ಲೇ ಲೈಟು ಹಾಕಬೇಕು. ಯಾಕೆ ಮಾವ ಮದುವೆಯಾಗಲಿಲ್ಲ ಎಂದರೆ, "ಹೆಣ್ಣು ಕೊಡೋಕೆ ಬಂದೋರು ನನ್ನ ನೋಡಿ ಅಕ್ಕಿ ಲೆಕ್ಕ ಹಾಕಿದ್ರು ಕಣಮ್ಮ, ಹಂಗೇ ಎದ್ದು ಹೋದ್ರು" ಎನ್ನುತ್ತಿದ್ದರು. ಆ ಮನೆಯಲ್ಲಿ ನನ್ನನ್ನು ನಗಿಸುತ್ತಿದ್ದ ಒಬ್ಬರೇ ಒಬ್ಬರು ಅವರು. ಅತ್ತೆಯ ವಿಷಯ ಬೇರೆ. ಅವರು ನಕ್ಕಿದ್ದನ್ನು ನೋಡಿದವರು ಯಾರಾದರೂ ಇದ್ದರೆ ನನಗೂ ಪರಿಚಯ ಮಾಡಿಸಿ.

ಅತ್ತೆಯ ರಾಜ್ಯ ಗೋಡೌನಿನ ಅಟ್ಟ. ಹಿಂಗೋಡೆಯ ಮೇಲ್ಭಾಗದಲ್ಲಿ ಕಬ್ಬಿಣದ ತೊಲೆಗಳ ಮೇಲೆ ಹಲಗೆ ಹಾಸಿ ಮಾಡಿದ ಅಟ್ಟ ಅದು. ಬಾಯ್ಲರ್ ಮನೆಯ ಬೆಚ್ಚಗಿನ ಗಾಳಿ ಅಲ್ಲಿಗೆ ತಾಗುತ್ತಿದ್ದುದರಿಂದ ಹುಳ ಬರುತ್ತಿರಲಿಲ್ಲ, ಮುಗ್ಗಲು ಹಿಡಿಯುತ್ತಿರಲಿಲ್ಲ. ಸುತ್ತಲಿನ ಮನೆಗಳವರೆಲ್ಲ ಮುಂದಿನ ಬಿತ್ತನೆಯ ಬೀಜದ ಭತ್ತವನ್ನು ತಂದು ಅತ್ತೆಯ ಕೈಗೆ ಒಪ್ಪಿಸುತ್ತಿದ್ದರು. ಅತ್ತೆ ಪ್ರತಿ ಮೂಟೆಯ ಬಾಯನ್ನು ತಾವೇ ದಬ್ಬಳ ಹಿಡಿದು ಹೊಲಿಯುತ್ತಿದ್ದರು, ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ. ನಮ್ಮ ಮನೆಗೆ ಬಿಳಿ. ಸೂಲಗಿತ್ತಿಗೆ ಹಸಿರು. ಶಾಲೆ ಮೇಷ್ಟ್ರಿಗೆ ಕೆಂಪು. ದೋಣಿಯವನಿಗೆ ನೀಲಿ. ದಾರದ ಉಂಡೆಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಹಾಕಿ, ಅಟ್ಟದ ಮೂಲೆಯಲ್ಲಿ ಮಡಚಿದ ಟಾರ್ಪಾಲಿನ ಮೇಲೆ ಇಟ್ಟಿದ್ದರು. ಆ ಅಟ್ಟಕ್ಕೆ ಅವರ ಹೊರತು ಯಾರೂ ಹತ್ತುವಂತಿರಲಿಲ್ಲ. ನಾನಂತೂ ಏಣಿಯ ಹತ್ತಿರ ಗುಡಿಸಲು ಹೋದರೂ, "ಏನು ಕೆಲಸ ಅಲ್ಲಿ?" ಎಂಬ ಧ್ವನಿ ಬರುತ್ತಿತ್ತು. ಎಷ್ಟು ವರ್ಷವಾದರೂ ನಾನು ಹೊರಗಿನವಳೇ ಎಂದು ಆ ಏಣಿ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ನೀರು ಮಿಲ್ಲಿನ ಅಂಗಳಕ್ಕೆ ಬಂದಾಗ ಬೆಳಗಿನ ಹೊತ್ತು. ಗೋಡೌನಿಗೆ ಒಂದೇ ಬಾಗಿಲು, ಎರಡು ಕದದ ದೊಡ್ಡ ಬಾಗಿಲು, ಒಳಕ್ಕೆ ತೆರೆಯುವಂಥದ್ದು. ಅದನ್ನು ಮುಚ್ಚಿ ಒಳಗಿನಿಂದ ಅಡ್ಡಕಟ್ಟೆ ಹಾಕಿದರೆ ನೀರು ಒಳಗೆ ಬರುವುದಿಲ್ಲ ಎಂದು ಮಾವ ಹೇಳಿದರು. ಮರಳಿನ ಚೀಲ ನಮ್ಮಲ್ಲಿ ಎಲ್ಲಿಂದ ಬರಬೇಕು? ಮೊದಲು ಹೊಟ್ಟಿನ ಚೀಲ ಇಟ್ಟೆವು. ಕದದ ಸಂದಿನಿಂದ ಬಂದ ಮೊದಲ ನೀರಿಗೇ ಅವು ಬಾತುಕೋಳಿಗಳ ಹಾಗೆ ತೇಲಿಕೊಂಡು ಹೊರಟವು. ಆಗ ಅತ್ತೆ, "ಭಾರ ಇರೋದು ಇಡ್ರೋ. ಭತ್ತ ಇಡಿ" ಎಂದರು. ನಾವಿಬ್ಬರೂ ಹೌದಲ್ಲ ಎಂದುಕೊಂಡೆವು.

ಮಾವ ಒಂದೊಂದೇ ಮೂಟೆಗೆ ಕೊಕ್ಕೆ ಹಾಕಿ ಎಳೆದು ತಂದರು. ಅತ್ತೆ ಮುಂದೆ ನಿಂತು ಅಪ್ಪಣೆ ಕೊಟ್ಟರು. ಗೋಡೆಯಿಂದ ಗೋಡೆಗೆ, ಎರಡು ಸಾಲು, ಎದೆ ಮಟ್ಟ. "ಒತ್ತಿ ಇಡು, ಉಗುರೂ ತೂರಬಾರದು" ಎಂದು ಅತ್ತೆ; ನಾನು ಕಾಲಿನಿಂದ ಒದ್ದು ಒದ್ದು ಮೂಟೆಗಳನ್ನು ಬಿಗಿ ಮಾಡಿದೆ. ನೀರು ನಿಂತಿತು. ಮಾವ ಮೈ ಒರೆಸಿಕೊಳ್ಳುತ್ತಾ, "ಅಣೆಕಟ್ಟು ಕಟ್ಟೋಕೆ ಇಂಜಿನಿಯರುಗಳು ನಮ್ಮನ್ನ ಕರೀಬೇಕಿತ್ತು" ಎಂದರು. ನನಗೂ ಹೆಮ್ಮೆಯಾಯಿತು. ಅತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು. ಅದೇ ಒಂದು ದೊಡ್ಡ ಬಹುಮಾನ ಎಂದು ಹಿಗ್ಗಿದೆ. ಇನ್ನೊಂದು ಹೊತ್ತು ಕಳೆಯುವುದರೊಳಗೆ ನೀರು ಮೂಟೆಗಳ ಬುಡದಿಂದ ಜಿನುಗತೊಡಗಿತು. ಆಮೇಲೆ ನೆಲದ ಬಿರುಕುಗಳಿಂದಲೂ ಬಂತು. ಪಾದ ಮುಳುಗಿತು, ಮೀನಖಂಡ ಮುಳುಗಿತು. ಮೊಣಕಾಲಿಗೆ ಬಂದಾಗ ಮಾವ, "ಸಾಕು ಕಣೇ ಅಕ್ಕ, ಆಫೀಸಿನ ತಾರಸಿಗೆ ಹೋಗಿಬಿಡೋಣ" ಎಂದು ಕೊಕ್ಕೆ ಎತ್ತಿಕೊಂಡರು.

ಮೇಲಿನ ಸಾಲು ಹೇಗೋ ಬಂತು. ನೀರಿನೊಳಗಿನ ಸಾಲು ಅಲ್ಲಾಡಲಿಲ್ಲ. ಮಾವ ಕಾಲು ಗೋಡೆಗೆ ಕೊಟ್ಟು ಎಳೆದರು. ಗೋಣಿ ಪರ್ರೆಂದು ಹರಿದು, ಒಳಗಿನ ಭತ್ತ ಒಸರಿ ಬಂದು ಇದ್ದ ಸಂದನ್ನೂ ತುಂಬಿತು. ನಾನು ನೀರಿನಲ್ಲಿ ಕೈ ಹಾಕಿ ಮುಟ್ಟಿ ನೋಡಿದೆ. ಮೂಟೆಗಳು ಕಲ್ಲಾಗಿದ್ದವು. ಒಂದಕ್ಕೊಂದು ಅಮುಕಿಕೊಂಡು, ಗೋಡೆಗೂ ಕದಕ್ಕೂ ಅಮುಕಿಕೊಂಡು, ಯಾರೋ ಬೆಣೆ ಹೊಡೆದ ಹಾಗೆ ಕೂತಿದ್ದವು. ಒಳಕ್ಕೆ ತೆರೆಯಬೇಕಾದ ಕದ ಕೂದಲೆಳೆಯಷ್ಟೂ ಸರಿಯಲಿಲ್ಲ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾವ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೇಣು ಬಿಡಲಿಲ್ಲ ಕಣೇ ಅಕ್ಕ. ದಿನಾ ತೊಟ್ಟಿಗೆ ಗೇಣು ಬಿಡೋ ನಾವು ಬಾಗಿಲಿಗೆ ಗೇಣು ಬಿಡಲಿಲ್ಲ!"

"ಬಾಯಿ ಮುಚ್ಚು," ಎಂದರು ಅತ್ತೆ. ಅವರ ತುಟಿ ಬಿಳಿಚಿಕೊಂಡಿತ್ತು.

ನನಗೆ ಆಗ ಭಯ ಹುಟ್ಟಿತು. ಅದುವರೆಗೆ ಇದ್ದದ್ದು ಆತಂಕ. ಭಯ ಎಂದರೆ ಬೇರೆ. ಉಸಿರು ಎಳೆದುಕೊಂಡರೆ ಎದೆಯೊಳಗೆ ಅರ್ಧಕ್ಕೇ ನಿಲ್ಲುತ್ತಿತ್ತು. ನಾಲ್ಕು ಗೋಡೆ, ತಗಡಿನ ಸೂರು, ಅಟ್ಟದ ಮೇಲೆ ಕಂಬಿ ಹಾಕಿದ ಒಂದು ಗಾಳಿಕಿಂಡಿ, ಅಷ್ಟೇ. ನಾವೇ ಕಟ್ಟಿಕೊಂಡ ಕಟ್ಟೆ ನಮ್ಮನ್ನೇ ಒಳಗೆ ಹಾಕಿ ಬೀಗ ಜಡಿದಿತ್ತು.

ನೀರು ಸೊಂಟಕ್ಕೆ ಬಂದಾಗ ಟಪ್ ಟಪ್ ಎಂದು ಸದ್ದು ಕೇಳತೊಡಗಿತು. ಏನದು ಎಂದು ಸುತ್ತ ನೋಡಿದೆ. ಹೊಸ ಕೊಯ್ಲಿನ ಭತ್ತವನ್ನು ಗೋಡೌನಿನ ತುಂಬ ಸೂರಿನ ಹತ್ತಿರದವರೆಗೆ ಒಟ್ಟಿದ್ದೆವು. ಆ ಒಟ್ಟಿಲುಗಳ ಬುಡದ ಮೂಟೆಗಳು ನೀರು ಕುಡಿದು ಊದಿ, ಹೊಲಿಗೆ ಕಿತ್ತುಕೊಳ್ಳುತ್ತಿದ್ದ ಸದ್ದು ಅದು. ನೋಡುತ್ತಿದ್ದಂತೆ ಆಚೆ ಮೂಲೆಯ ಒಟ್ಟಿಲು ಮೆಲ್ಲಗೆ ವಾಲಿ, ಧೊಪ್ಪನೆ ಕುಸಿದು ಬಿತ್ತು. ಎದ್ದ ಅಲೆಗೆ ನಾನು ಗೋಡೆಗೆ ಬಡಿದುಕೊಂಡೆ. ಅದರ ಕೆಳಗೆ ನಾವಿದ್ದಿದ್ದರೆ ಮೂಳೆ ಎಣಿಸಲೂ ಸಿಗುತ್ತಿರಲಿಲ್ಲ.

"ಅಟ್ಟಕ್ಕೆ ಹತ್ತಿ," ಎಂದರು ಅತ್ತೆ.

ಅವರು ಮೊದಲು ಹತ್ತಿದರು. ಅಟ್ಟದ ತುಂಬ ಬೀಜದ ಮೂಟೆಗಳು ಸೂರಿಗೆ ತಾಗುವಂತಿದ್ದವು. ಇಲಿ ನೋಡಲು ಅತ್ತೆ ತೆವಳಿಕೊಂಡು ಹೋಗುವಷ್ಟು ಓಣಿ ಮಾತ್ರ ಇತ್ತು. ಅವರು ಅದರಲ್ಲಿ ತೂರಿಕೊಂಡ ಮೇಲೆ ಬೆಕ್ಕಿಗೂ ಜಾಗ ಉಳಿಯಲಿಲ್ಲ. ನಾನು ಏಣಿಯ ಮೇಲೆ ನಿಂತಿದ್ದೆ. ನನ್ನ ಕೆಳಗೆ ನೀರಿನಲ್ಲಿ ಮಾವ. ಏಣಿಯ ಪಕ್ಕದಲ್ಲೇ ಇನ್ನೊಂದು ಒಟ್ಟಿಲು ಇತ್ತು. ಅದರ ಬುಡದಲ್ಲೂ ಟಪ್ ಟಪ್ ಶುರುವಾಗಿತ್ತು.

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಬಿಳಿ ದಾರದ ಮೂಟೆಗಳೆರಡನ್ನೂ, ನಮ್ಮ ಮನೆಯ ಬೀಜವನ್ನು, ಕಾಲಿನಿಂದ ನೂಕಿ ಕೆಳಗೆ ಬೀಳಿಸಿದರು. ಅವು ನೀರಿಗೆ ಬಿದ್ದು ಮುಳುಗಿದವು. "ಬಾ," ಎಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡರು. ಇಷ್ಟು ವರ್ಷ ಹತ್ತಬೇಕು ಹತ್ತಬೇಕು ಎಂದು ಆಸೆಪಟ್ಟ ಅಟ್ಟಕ್ಕೆ ನಾನು ಹಾಗೆ ಹತ್ತಿದೆ, ಒದ್ದೆ ಬಟ್ಟೆಯಲ್ಲಿ, ಮಂಡಿ ಮುಖಕ್ಕೆ ತಾಗುವ ಹಾಗೆ ಮುದುಡಿಕೊಂಡು.

"ಮಾವಾ, ಬನ್ನಿ!" ಎಂದು ಕೂಗಿದೆ.

ಮಾವ ಏಣಿ ಏರಿ, ತಲೆಯನ್ನು ಅಟ್ಟದ ಮಟ್ಟಕ್ಕೆ ತಂದು, ಒಳಗೆ ಇಣುಕಿ ನೋಡಿದರು. ಇದ್ದ ಜಾಗದಲ್ಲಿ ಅವರ ಒಂದು ತೋಳು ಹಿಡಿಸುತ್ತಿತ್ತೇನೋ.

"ನನಗೆ ಇಲ್ಲೇ ಆರಾಮಾಗಿದೆ ಕಣಮ್ಮ," ಎಂದರು. "ಏಣಿ ಗಟ್ಟಿ ಇದೆ."

ಏಣಿ ಗಟ್ಟಿ ಇತ್ತು. ಆದರೆ ಪಕ್ಕದ ಒಟ್ಟಿಲು ಹೊಟ್ಟೆ ಮುಂದೆ ಮಾಡಿಕೊಂಡು ಅವರ ಕಡೆಗೇ ವಾಲುತ್ತಿತ್ತು. ಅವರಿಗೂ ಅದು ಕಾಣುತ್ತಿತ್ತು. ಈಜು ಬಾರದು. ಜೀವನವಿಡೀ ನೀರು ಕುದಿಸಿದ್ದು ಬಿಟ್ಟರೆ ನೀರಿನ ಜೊತೆ ಅವರಿಗೆ ಬೇರೆ ವ್ಯವಹಾರವಿರಲಿಲ್ಲ.

ಇನ್ನೆರಡು ಮೂಟೆ ಹೋದರೆ ಮಾವನಿಗೆ ಜಾಗವಾಗುತ್ತಿತ್ತು. ನಾನು ಅತ್ತೆಯ ಮುಖ ನೋಡಿದೆ. ಅವರು ಎರಡೂ ಅಂಗೈಗಳನ್ನು ಮೂಟೆಗಳ ಮೇಲೆ ಊರಿ ಸುಮ್ಮನೆ ಕೂತಿದ್ದರು. ಹೊಳೆ ಇಳಿದ ಮೇಲೆ ಈ ಊರಿಗೆ ಉಳಿಯುವುದು ಈ ಅಟ್ಟದ ಮೇಲಿನ ಬೀಜ ಒಂದೇ ಎಂದು ನನಗೂ ಗೊತ್ತಿತ್ತು. ಗದ್ದೆಯ ತೆನೆ ಹೋಯಿತು, ಮನೆಯ ಕಣಜ ಹೋಯಿತು. ಬೀಜವಿಲ್ಲದ ಮನೆಯವರು ಮುಂದಿನ ಕೊಯ್ಲಿನವರೆಗೆ ಪರಿಹಾರದ ಲಾರಿಯ ಹಿಂದೆ ಪಾತ್ರೆ ಹಿಡಿದು ನಿಲ್ಲಬೇಕು. ಎಲ್ಲ ಗೊತ್ತಿತ್ತು. ಆದರೂ ನನಗೆ ರೇಗಿತು.

"ಏನ್ ಯೋಚನೆ ಮಾಡ್ತಿದ್ದೀರಾ ಅತ್ತೆ? ನಿಮ್ಮ ತಮ್ಮನಿಗಿಂತ ಗೋಣಿ ಹೆಚ್ಚಾ?"

"ಗೋಣಿ ನಂದಾಗಿದ್ರೆ ನಿನ್ನ ಕೈಲಿ ಹೇಳಿಸ್ಕೊಳ್ತಿದ್ನಾ?"

"ಬಿಡಮ್ಮ ಸೊಸೆ," ಎಂದರು ಮಾವ ಕೆಳಗಿನಿಂದ. "ಜನ ನಂಬಿ ಇಟ್ಟಿದ್ದು. ನನ್ನನ್ನ ಯಾರೂ ನಂಬಿ ಇಟ್ಟಿಲ್ಲ."

ಆಗಲೂ ತಮಾಷೆ. ಆದರೆ ಧ್ವನಿ ಒಡೆದಿತ್ತು. ನಾನು ತಡೆಯಲಾರದೆ ಕೈಗೆ ಸಿಕ್ಕ ಮೂಟೆಯನ್ನು ಎಳೆದೆ. ಅತ್ತೆ ಫಟ್ಟನೆ ನನ್ನ ಕೈಗೆ ಹೊಡೆದರು.

"ಅದಲ್ಲ! ಅದು ಸೂಲಗಿತ್ತೀದು. ಮಗನಿಲ್ಲ, ಮೊಮ್ಮಕ್ಕಳು ಮೂರು. ಆ ಮನೇಲಿ ಬೇರೆ ಏನೂ ಇಲ್ಲ."

ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮಂಡಿಯೂರಿ, ಒಂದೊಂದು ಮೂಟೆಯ ಹೊಲಿಗೆಯ ಮೇಲೂ ಬೆರಳಾಡಿಸುತ್ತಾ, ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾ ಹೋದರು. "ಇದು ದರ್ಜೀದು... ಮೆಷಿನ್ನು ನೀರಲ್ಲಿ ಹೋಗಿರತ್ತೆ... ಇದು ಕಿವುಡಜ್ಜಂದು... ಇಲ್ಲ..." ಪ್ರತಿ ಮನೆಯ ಒಲೆಯ ಮುಂದೆ ಕೂತು, ಇದು ಹೋದರೆ ಇವರಿಗೆ ಬೇರೆ ಏನಿದೆ ಎಂದು ಕೇಳಿಕೊಂಡು ಎದ್ದು ಬರುತ್ತಿದ್ದರು. ಕೆಳಗೆ ಒಟ್ಟಿಲಿನ ಗೋಣಿಗಳು ಒಂದೊಂದಾಗಿ ಬಾಯಿ ಬಿಡುತ್ತಿದ್ದವು. "ಬೇಗ ಅತ್ತೆ, ಬೇಗ" ಎಂದು ನಾನು ಅಳುತ್ತಿದ್ದೆ.

ಕೆಂಪು ದಾರದ ಮೇಲೆ ಅವರ ಕೈ ನಿಂತಿತು. "ಮೇಷ್ಟ್ರಿಗೆ ಸಂಬಳ ಬರತ್ತೆ," ಎಂದರು. ಇಬ್ಬರೂ ಸೇರಿ ನೂಕಿದೆವು. ನೀಲಿಯ ಮೇಲೆ ಇನ್ನಷ್ಟು ಹೊತ್ತು ನಿಂತಿತು. "ದೋಣಿಯವನಿಗೆ ದೋಣಿ ಇದೆ. ನೀರು ಇರೋವರೆಗೂ ಅವನಿಗೆ ದುಡಿಮೆ ಇರತ್ತೆ. ಊಟಕ್ಕೆ ತೊಂದ್ರೆ ಆಗಲ್ಲ." ಹಾಗೆಂದು ಅದನ್ನು ತಾವೊಬ್ಬರೇ ನೂಕಿದರು. ನನ್ನನ್ನು ಮುಟ್ಟಲು ಬಿಡಲಿಲ್ಲ.

ಮಾವ ಹೇಗೆ ಹತ್ತಿದರೋ, ನಾವು ಹೇಗೆ ಎಳೆದೆವೋ. ಅವರ ಕಾಲು ಹಲಗೆಯ ಮೇಲೆ ಬಂದು ಸ್ವಲ್ಪ ಹೊತ್ತಿಗೆಲ್ಲ ಒಟ್ಟಿಲು ಕಳಚಿ ಬಿತ್ತು. ಏಣಿಯನ್ನು ಕಡ್ಡಿಯಂತೆ ಮುರಿದುಕೊಂಡು ಹೋಯಿತು. ಸದ್ದಡಗಿದ ಮೇಲೆ ಅತ್ತೆ ತಮ್ಮನ ಒದ್ದೆ ತಲೆಯ ಮೇಲೆ ಒಂದು ಸಲ ಕೈ ಇಟ್ಟು ತೆಗೆದರು.

ಆಮೇಲೆ ಕಾಯುವುದೊಂದೇ ಕೆಲಸ. ಕಾಲು ಚಾಚುವ ಹಾಗಿಲ್ಲ, ತಲೆ ಎತ್ತುವ ಹಾಗಿಲ್ಲ. ಒಬ್ಬರು ಕೆಮ್ಮಿದರೆ ಮೂವರೂ ಅಲ್ಲಾಡುತ್ತಿದ್ದೆವು. ಬಿಸಿಲು ಬಂದು ತಗಡು ಕಾದಾಗ ಬೆವರು ಇಳಿದು ಕಣ್ಣಿಗೆ ಹೋದರೂ ಒರೆಸಿಕೊಳ್ಳಲು ಕೈ ಬಿಡಿಸಿಕೊಳ್ಳಲಾಗುತ್ತಿರಲಿಲ್ಲ. ಹಸಿವಾಯಿತು. ಸುತ್ತ ಊರಿಗೆಲ್ಲ ಸಾಲುವಷ್ಟು ಭತ್ತ, ನಮ್ಮ ಬಾಯಿಗೆ ಒಂದು ಅಗುಳಿಲ್ಲ. ಒಂದು ಗೋಣಿಯ ತೂತಿನಿಂದ ನಾಲ್ಕು ಕಾಳು ಉದುರಿದ್ದನ್ನು ಆರಿಸಿಕೊಳ್ಳಲು ಕೈ ಚಾಚಿದೆ. ಅತ್ತೆ ನೋಡಿದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಸರದಿಯ ಮೇಲೆ ಗಾಳಿಕಿಂಡಿಯ ಕಂಬಿಗೆ ಮುಖ ಒತ್ತಿ ಕೂಗುತ್ತಿದ್ದೆವು. ಹೊರಗೆ ನೀರು ಅಟ್ಟದ ಮಟ್ಟದ ಹತ್ತಿರಕ್ಕೇ ಏರಿತ್ತು, ನೀರಿನ ಮೇಲೆ ಯಾರದೋ ಮನೆಯ ಕುರ್ಚಿ ತೇಲುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಹುಟ್ಟಿನ ಸದ್ದು ಕೇಳಿತು. ಬಂದವನು ದೋಣಿಯವನೇ. ಮನೆಗಳ ಮಾಡಿನ ಮೇಲಿದ್ದವರನ್ನು ಬೆಳಗಿನಿಂದ ಸಾಗಿಸುತ್ತಿದ್ದನಂತೆ. ನನ್ನ ಕೂಗು ಕೇಳಿ ದೋಣಿಯನ್ನು ಗೋಡೆಗೆ ತಂದು ನಿಲ್ಲಿಸಿ, "ಅಮ್ಮಾ, ಹಿಂದೆ ಸರೀರಿ" ಎಂದ. ಸರಿಯಲು ಜಾಗ ಎಲ್ಲಿತ್ತು? ಮುಖ ಮುಚ್ಚಿಕೊಂಡೆವು. ಅವನು ಹಾರೆಯಿಂದ ಕಂಬಿ ಮೀಟಿ, ಸುತ್ತಲಿನ ಇಟ್ಟಿಗೆಗಳನ್ನು ಒಂದೊಂದಾಗಿ ಕೆಡವಿದ. ಗಾಳಿ ಒಳಗೆ ನುಗ್ಗಿತು. ನನ್ನ ಎದೆಯೊಳಗೆ ಅರ್ಧಕ್ಕೆ ನಿಂತಿದ್ದ ಉಸಿರು ಆಗ ಪೂರ್ತಿ ಇಳಿಯಿತು.

ಅವನು ಕಿಂಡಿಯಲ್ಲಿ ತಲೆ ತೂರಿಸಿ ನಮ್ಮನ್ನು ನೋಡಿದ. ಆಮೇಲೆ ಮೂಟೆಗಳನ್ನು ನೋಡಿದ. ಅವನ ಕಣ್ಣು ಹೊಲಿಗೆಯಿಂದ ಹೊಲಿಗೆಗೆ ಹೋಗುತ್ತಿದ್ದುದು ನನಗೆ ಕಂಡಿತು.

"ಅಮ್ಮಾ, ನಂದು ಹಿಂದುಗಡೆ ಇದೆಯಾ?"

ತಾನಾಗಿ ಬಿದ್ದುಹೋಯಿತು ಎಂದು ಅತ್ತೆ ಹೇಳಿಬಿಡಲಿ ದೇವರೇ ಎಂದು ನಾನು ಬೇಡಿಕೊಂಡೆ. ಅಷ್ಟು ಮೂಟೆ ಬಿದ್ದಿವೆ, ಇನ್ನೊಂದು ಬಿತ್ತು ಎಂದರೆ ಯಾರು ಕೇಳುತ್ತಾರೆ?

"ಇಲ್ಲ ಕಣಪ್ಪ," ಎಂದರು ಅತ್ತೆ. "ನಾನೇ ನೀರಿಗೆ ಹಾಕ್ದೆ. ನಿನ್ನ ಮೂಟೆ ಇದ್ದ ಜಾಗದಲ್ಲಿ ಇವನು ಕೂತಿದ್ದಾನೆ."

ದೋಣಿಯವನು ಮಾವನ ಕಡೆ ನೋಡಿದ. ಮಾವ ತಲೆ ತಗ್ಗಿಸಿದರು. ಇದ್ದಷ್ಟೂ ಮೈಯನ್ನು ಒಳಗೆಳೆದುಕೊಂಡು ಚಿಕ್ಕವರಾಗಲು ನೋಡಿದರು.

"ಇಷ್ಟು ಮೂಟೆ ಇದಾವಲ್ಲಮ್ಮ. ನಂದೇ ಯಾಕೆ?"

"ನಿನಗೆ ದೋಣಿ ಇದೆ ಅಂತ."

ಅವನು ಕಿಂಡಿಯ ಅಂಚಿನ ಒಂದು ಇಟ್ಟಿಗೆ ಚೂರನ್ನು ಕಿತ್ತು ನೀರಿಗೆ ಹಾಕಿದ.

"ನನ್ನ ದೋಣಿ ನಿನ್ನೇನೇ ಕೊಚ್ಕೊಂಡು ಹೋಯ್ತಮ್ಮ. ಇದು ಪರಿಹಾರದವರದ್ದು. ನೀರಿಳಿದ ಮೇಲೆ ವಾಪಸ್ ತಗೊಂಡು ಹೋಗ್ತಾರೆ."

ಅತ್ತೆಯ ಬಾಯಿ ಸ್ವಲ್ಪ ತೆರೆದು ಹಾಗೆಯೇ ಉಳಿಯಿತು. ಎಲ್ಲರ ಮನೆಯ ಒಳಹೊರಗು ಬಲ್ಲವರು, ನಿನ್ನೆಯ ಒಂದು ಸುದ್ದಿ ಮಾತ್ರ ಅವರಿಗೆ ಮುಟ್ಟಿರಲಿಲ್ಲ. ಅವರನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ. ಆ ಗಳಿಗೆಯಲ್ಲಿ ಮಾತ್ರ ಅವರನ್ನು ಬಾಚಿ ತಬ್ಬಿಕೊಳ್ಳಬೇಕು ಎನ್ನಿಸಿತು. ತಬ್ಬಿಕೊಳ್ಳಲಿಲ್ಲ. ಹಾಗೆ ನೋಡಿದರೆ ಮೂವರೂ ಬೆಳಗಿನಿಂದ ತಬ್ಬಿಕೊಂಡೇ ಇದ್ದೆವು.

"ಸರಿ," ಎಂದ ದೋಣಿಯವನು ಕೊನೆಗೆ. ಎರಡು ಕೈಯನ್ನೂ ಒಳಗೆ ಚಾಚಿದ. "ಹಂಗಾದ್ರೆ ನನ್ನ ಮೂಟೇನೇ ಮೊದ್ಲು ಕೊಡಿ."

ಮಾವನನ್ನು ಆ ಕಿಂಡಿಯಿಂದ ಇಳಿಸಿದ್ದು ಇನ್ನೊಂದು ಕಥೆ. ದೋಣಿ ಒಂದು ಕಡೆಗೆ ವಾಲಿತು. ಬೇರೆ ದಿನವಾಗಿದ್ದರೆ ಮಾವ ಅದಕ್ಕೊಂದು ಮಾತು ಸೇರಿಸುತ್ತಿದ್ದರು. ಅವತ್ತು ಉಸಿರು ಬಿಗಿಹಿಡಿದು ಕೂತರು.

"ನೀವಿಬ್ರೂ ಬನ್ನಿ, ಜಾಗ ಇದೆ," ಎಂದ ಅವನು.

"ಬೀಜ?" ಎಂದರು ಅತ್ತೆ.

"ಬೀಜಕ್ಕೆ ಜಾಗ ಇಲ್ಲ. ಕತ್ತಲಾಗೋದ್ರೊಳಗೆ ಮತ್ತೆ ಬರೋಕೆ ನೋಡ್ತೀನಿ."

"ಹಾಗಾದ್ರೆ ಇವು ಇಳೀಲಿ, ಆಮೇಲೆ ನಾನು ಇಳೀತೀನಿ. ಬಾಯಿ ತೆರೆದ ಗೋಡೆ. ರಾತ್ರಿ ಮಳೆ ಬಂದ್ರೆ ಟಾರ್ಪಾಲು ಹಿಡಿಯೋಕೆ ಯಾರಾದ್ರೂ ಇರಬೇಕು."

"ಅಮ್ಮಾ, ನಾನು ಬರದೇ ಹೋದ್ರೆ?"

"ಬರದಿದ್ರೆ ಯಾಕೆ ಬರಲಿಲ್ಲ ಅಂತ ಕೇಳೋ ಬಾಯಿ ನನಗಿಲ್ಲ."

ಅವನ ಮುಖ ಬಿಗಿಯಾಯಿತು. ನನ್ನ ಕಡೆ ನೋಡಿದ. ಕಿಂಡಿ ತೆರೆದಿತ್ತು, ದೋಣಿ ನಿಂತಿತ್ತು, ನನ್ನ ಒಂದೊಂದು ಮೂಳೆಯೂ ಹೊರಗೆ ಹೋಗು ಹೋಗು ಎನ್ನುತ್ತಿತ್ತು. "ನೀವು ಹೋಗಿ, ನಾನು ಅತ್ತೆ ಜೊತೆ ಬರ್ತೀನಿ" ಎಂದೆ. ಹೇಳಿದ ಮರುಗಳಿಗೆಯೇ ನನ್ನನ್ನು ನಾನೇ ಶಪಿಸಿಕೊಂಡೆ. ಅವನು ಹುಟ್ಟು ಹಾಕಿದ.

ಬೆಳಗ್ಗೆ ಗೋಡೆ ಇತ್ತು, ಹೊರಗೆ ಹೋಗಲಾಗಲಿಲ್ಲ. ಈಗ ಗೋಡೆ ಇರಲಿಲ್ಲ, ಆದರೂ ಹೋಗಲಾಗಲಿಲ್ಲ. ನೀರಿನ ಮೇಲಿನ ಬೆಳಕು ಹಳದಿಯಾಯಿತು, ಆಮೇಲೆ ಬೂದುಬಣ್ಣಕ್ಕೆ ತಿರುಗಿತು. ಅತ್ತೆ ದಾರದ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಮುಚ್ಚಳ ತೆಗೆದರು. ನೀಲಿ ಉಂಡೆಯನ್ನು ಕೈಗೆತ್ತಿಕೊಂಡು ತುದಿ ಹುಡುಕಿ, ಬಿಚ್ಚಿ, ಮತ್ತೆ ಸುತ್ತಿದರು. ಮತ್ತೆ ಬಿಚ್ಚಿದರು.

"ಅವನು ಬರ್ತಾನೆ ಅತ್ತೆ."

"ನನಗೆ ಹೇಳಬೇಡ," ಎಂದರು.

ಅವನು ಬಂದ. ಮೂಟೆಗಳನ್ನು ಇಳಿಸಿಕೊಂಡ. ಹಸಿರು, ಹಳದಿ, ಕಪ್ಪು, ಬೇರೆಯವರ ಮನೆಗಳ ಒಂದೊಂದು ಮೂಟೆಯನ್ನೂ ಒದ್ದೆಯಾಗದ ಹಾಗೆ ಟಾರ್ಪಾಲಿನ ಮೇಲೆ ಇಟ್ಟ. ಶಾಲೆಯ ಮಹಡಿಗೆ ಹೋಗಿ ಇಳಿಸಿ, ಮತ್ತೆ ಬಂದ. ಕೊನೆಯ ಮೂಟೆ ಇಳಿದ ಮೇಲೆ ನಾನು ಇಳಿದೆ. ಅತ್ತೆ ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಇಟ್ಟಿಗೆಯ ಅಂಚಿನಲ್ಲಿ ಕೂತು, ಕಾಲು ಹೊರಗೆ ಬಿಟ್ಟರು. ಇಳಿಯಲಾಗದೆ ಅಲ್ಲೇ ಕೂತರು. ದೋಣಿಯವನು ಅವರ ಸೊಂಟ ಹಿಡಿದು ಎತ್ತಿ ಇಳಿಸಿದ. ಅತ್ತೆ ಅವನ ಮುಖ ನೋಡಲಿಲ್ಲ.

ದೋಣಿ ಗೋಡೆಯನ್ನು ಬಿಟ್ಟು ಹೊರಟಿತು. ಮಿಲ್ಲಿನ ಚಿಮಣಿ ದಾಟಿದ ಮೇಲೆ ಅವನು ಹುಟ್ಟು ನಿಲ್ಲಿಸಿದ.

"ಅಮ್ಮಾ, ನೀಲಿ ದಾರ ಇದೆಯಾ ಇನ್ನೂ?"

ಅತ್ತೆ ಡಬ್ಬಿ ತೆರೆದು ತೋರಿಸಿದರು.

"ಬೇರೆ ಯಾರಿಗೂ ಹಾಕಬೇಡಿ," ಎಂದು ಅವನು ಮತ್ತೆ ಹುಟ್ಟು ಹಾಕತೊಡಗಿದ.

ಅತ್ತೆ ಮುಚ್ಚಳ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು, ಅವತ್ತು ಮೊದಲ ಸಲ ಜೋರಾಗಿ ಅತ್ತರು. ನಾನು ಅವರ ಪಕ್ಕಕ್ಕೆ ಸರಿದು ಕೂತೆ.